ಪಂಜರದ ಮೀನು: ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗದಿರಲಿ!

ಬೈಂದೂರಿನಿಂದ ಕುಂದಾಪುರಕ್ಕೆ ಬಸ್ಸಿನಲ್ಲಿ ಬರುವವರು, ಕಿಟಕಿ ಬದಿಯ ಸೀಟು ಸಿಕ್ಕಿದ್ದರೆ, ಹೊಳೆ ದಾಟುವಾಗ ಒಮ್ಮೆ ಕೆಳಗೆ ಕಣ್ಣು ಹಾಯಿಸಬೇಕು. ಕೆಲವು ಕಡೆ ನೀರಿನ ಮೇಲೆ ನೀಲಿ ಪೀಪಾಯಿಗಳ ಸಾಲು. ಪೀಪಾಯಿಗಳ ನಡುವೆ ಕಬ್ಬಿಣದ ಚೌಕಟ್ಟು. ಮೇಲೊಂದು ಬಲೆಯ ಹೊದಿಕೆ. ಬಲೆಯ ಮೇಲೆ ಆಸೆಗಣ್ಣಿನಿಂದ ಕೂತ ಕೊಕ್ಕರೆ. ಇದೇ ಮೀನಿನ ಪಂಜರ.

ಬಸ್ಸಿನೊಳಗೆ ಮಾತು ಶುರುವಾಗಲು ಇಷ್ಟು ಸಾಕು.

"ಹೋಯ್, ಅದ್ರಂಗೆ ಮೀನ್ ಸಾಕ್ತ್ರಂಬ್ರ್. ಕೆಜಿಗೆ ನಾನ್ನೂರ್ ಐನೂರ್ ಅಂಬ್ರ್!"

"ಹಂಗಾರೆ ಅವ್ರ್ ಲಕ್ಷಾಧೀಶ್ರೇ ಆಯ್ರ್ ಬಿಡಿ."

"ಎಂತ ಲಕ್ಷವೋ ಮಾರಾಯ್ರೆ, ಹೋದ ಮಳೆಗಾಲದಂಗೆ ನೆರೆ ಬಂದ್ ಒಬ್ರದ್ದ್ ಪೂರಾ ಹೋಯ್ತಂಬ್ರ್."

ಟಿಕೆಟು ಹರಿಯುವ ಕಂಡಕ್ಟರಿಂದ ಹಿಡಿದು ಪೇಟೆಯ ಅಂಗಡಿ ಯಜಮಾನರ ತನಕ ಎಲ್ಲರೂ ಈ ಎರಡರಲ್ಲಿ ಒಂದು ಪಕ್ಷ. ಒಬ್ಬರಿಗೆ ಪಂಜರವೆಂದರೆ ಹೊಳೆಯಲ್ಲಿ ತೇಲುವ ಬಂಗಾರ. ಇನ್ನೊಬ್ಬರಿಗೆ ಸಾಲ ಮಾಡಿ ಬೀಳುವ ಗುಂಡಿ. ಎರಡೂ ಮಾತು ಅರ್ಧ ಸತ್ಯ. ಉಳಿದ ಅರ್ಧ ಎಲ್ಲಿದೆ? ಅದು ಮೀನಿನಲ್ಲಿಲ್ಲ, ಕ್ಯಾಲೆಂಡರಿನಲ್ಲಿದೆ. ಮೀನುಮರಿ ಯಾವ ತಿಂಗಳಲ್ಲಿ ಹೊಳೆಗೆ ಇಳಿಯಿತು ಎಂಬ ಒಂದೇ ಪ್ರಶ್ನೆಯ ಮೇಲೆ ಈ ಕಸುಬಿನ ಲಾಭನಷ್ಟ ನಿಂತಿದೆ. ಸಭೆಗಳಲ್ಲಿ ಭಾಷಣ ಬಿಗಿಯುವವರು ಪೀಪಾಯಿಯ ಬಗ್ಗೆ ಹೇಳುತ್ತಾರೆ, ಸಬ್ಸಿಡಿಯ ಬಗ್ಗೆ ಹೇಳುತ್ತಾರೆ. ತಿಂಗಳಿನ ಬಗ್ಗೆ ಹೇಳುವವರು ಕಡಿಮೆ.

ಏನಿದು ಪಂಜರ?

ಕಸುಬು ತೀರಾ ಹೊಸತೇನಲ್ಲ. ಕೊಚ್ಚಿಯ ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು 2007ರಲ್ಲಿ ವಿಶಾಖಪಟ್ಟಣದ ಬಳಿ ಸಮುದ್ರಕ್ಕೆ ಪಂಜರ ಇಳಿಸಿದರು. ಬಳಿಕ ಕಾರವಾರದಲ್ಲಿ ಪ್ರಯೋಗ ನಡೆಯಿತು. ಉಡುಪಿ ಜಿಲ್ಲೆಯಲ್ಲಿ ಉಪ್ಪುಂದ-ಬೈಂದೂರು ಭಾಗದ ಮೀನುಗಾರರ ಜತೆ ಸೇರಿ ಅದೇ ಸಂಸ್ಥೆಯ ಮಂಗಳೂರು ಕೇಂದ್ರ ಅಳಿವೆ ನೀರಿನಲ್ಲಿ ಸಣ್ಣ ಪಂಜರ ಮಾಡಿ ತೋರಿಸಿತು. ಸಮುದ್ರದ ದೊಡ್ಡ ದುಂಡು ಪಂಜರಕ್ಕೆ ದೊಡ್ಡ ಬಂಡವಾಳ ಬೇಕು. ಹೊಳೆಯ ಸಣ್ಣ ಚೌಕ ಪಂಜರವಾದರೆ ಒಂದು ಮನೆಯವರು ನಡೆಸಬಹುದು. ಬಡವರಿಗೆ ಇದು ಹಿಡಿಸಿದ್ದು ಆ ಕಾರಣಕ್ಕೆ.

ಚೌಕಟ್ಟು ಜಿ.ಐ. ಪೈಪಿನದ್ದು. ತೇಲಲು ಪ್ಲಾಸ್ಟಿಕ್ ಪೀಪಾಯಿ. ಒಳಗೆ ಮೀನು ನಿಲ್ಲುವ ಬಲೆ, ಅದರ ಹೊರಗೆ ಇನ್ನೊಂದು ಗಟ್ಟಿ ಬಲೆ. ಹೊರಬಲೆ ಏಕೆಂದರೆ ನೀರುನಾಯಿ ಮತ್ತು ಏಡಿಗಳು ಒಳಬಲೆಯನ್ನು ಕತ್ತರಿಸಿದರೆ ಒಂದೇ ರಾತ್ರಿಯಲ್ಲಿ ವರ್ಷದ ದುಡಿಮೆ ಹೊಳೆ ಪಾಲು. ಮೇಲ್ಬಲೆ ಹಕ್ಕಿಗಳಿಗೆ. ನಾಲ್ಕು ಮೂಲೆಗೆ ಲಂಗರು. ನೀರು ಪೂರ್ತಿ ಇಳಿದಾಗಲೂ ಪಂಜರದ ತಳ ಕೆಸರಿಗೆ ತಾಗಬಾರದು. ತಾಗಿದರೆ ಮೀನಿಗೆ ಉಸಿರುಕಟ್ಟುತ್ತದೆ.

ಸಾಕುವುದು ಹೆಚ್ಚಾಗಿ ಸೀಬಾಸ್. ಉಪ್ಪುನೀರಿಗೂ ಸೈ, ಸಿಹಿನೀರಿಗೂ ಸೈ ಎನ್ನುವ ಗಟ್ಟಿ ಮೀನು. ಕೆಂಬೇರಿಯನ್ನೂ ಸಾಕುತ್ತಾರೆ, ಹೊಳೆಯಲ್ಲೇ ಜೀವಂತ ಸಿಗುವ ಕೆಂಬೇರಿ ಮರಿಗಳನ್ನು ಹಿಡಿದು ಪಂಜರಕ್ಕೆ ಬಿಡುವವರೂ ಇದ್ದಾರೆ. ಆದರೆ ಮಳೆಗಾಲದಲ್ಲಿ ಹೊಳೆ ಸಪ್ಪೆಯಾದರೆ ಕೆಂಬೇರಿ ಸೀಬಾಸಿನಷ್ಟು ತಡೆದುಕೊಳ್ಳುವುದಿಲ್ಲ.

ಸೀಬಾಸಿಗೆ ಒಂದು ಕೆಟ್ಟ ಚಾಳಿ. ಮರಿ ಹಂತದಲ್ಲಿ ದೊಡ್ಡದು ಸಣ್ಣದನ್ನು ನುಂಗುತ್ತದೆ. ಹಾಗಾಗಿ ಹತ್ತು ಹದಿನೈದು ದಿನಕ್ಕೊಮ್ಮೆ ಗಾತ್ರ ನೋಡಿ ಬೇರೆ ಬೇರೆ ಮಾಡಬೇಕು. ಉದಾಸೀನ ಮಾಡಿದರೆ ಸಾವಿರ ಮರಿ ಹಾಕಿದವನಿಗೆ ಮುನ್ನೂರು ದಡಿಯ ಮೀನು ಉಳಿದೀತು! ಇನ್ನು ಬಲೆಗೆ ಪಾಚಿ, ಚಿಪ್ಪು ಹತ್ತುವುದು ಬೇರೆ. ಕಣ್ಣು ಮುಚ್ಚಿದ ಬಲೆಯೊಳಗೆ ನೀರಾಡುವುದಿಲ್ಲ. ನೀರಿನ ಓಟ ನಿಂತ ಹೊತ್ತು, ಬೆಳಗಿನ ಜಾವ, ಮೀನು ಮೇಲೆ ಬಂದು ಬಾಯಿ ಬಿಡುತ್ತದೆ. ಅದಕ್ಕೇ ಬಲೆ ಬದಲಿಸುವುದು, ಉಜ್ಜುವುದು, ಒಣಗಿಸುವುದು. ಪಂಜರ ಇಟ್ಟವನಿಗೆ ಹಟ್ಟಿಯಲ್ಲಿ ಹಾಲು ಕರೆಯುವ ದನ ಇದ್ದ ಹಾಗೆ. ಒಂದು ದಿನವೂ ನೆಂಟರ ಮನೆಗೆ ಹೋಗಿ ಉಳಿಯುವಂತಿಲ್ಲ.

ಲೆಕ್ಕ ಇಲ್ಲಿದೆ, ನೋಡಿ

ಅಂಗಡಿಯವರಿಗೆ ಲೆಕ್ಕ ಕಂಡರೆ ಸಮಾಧಾನ. ಇದು ಒಂದು ಅಂದಾಜು; ಊರು ಬದಲಾದರೆ, ವರ್ಷ ಬದಲಾದರೆ ಅಂಕಿಯೂ ಬದಲಾದೀತು. ಲೆಕ್ಕದ ದಾರಿ ಮಾತ್ರ ಇದೇ.

ನಾಲ್ಕು ಮೀಟರ್ ಉದ್ದ, ನಾಲ್ಕು ಮೀಟರ್ ಅಗಲ, ಎರಡೂವರೆ ಮೀಟರ್ ಆಳದ ಒಂದು ಪಂಜರ ಎಂದಿಟ್ಟುಕೊಳ್ಳಿ. ನಾಲ್ಕು ಇಂಚಿನ 1,000 ಮರಿ, ಒಂದಕ್ಕೆ 35 ರೂಪಾಯಿಯಂತೆ 35,000. ಸೆಪ್ಟೆಂಬರಿನಲ್ಲಿ ಬಿಟ್ಟದ್ದು, ನೂರಕ್ಕೆ ಎಪ್ಪತ್ತು ಉಳಿದು, ಹದ ಕೂಡಿ ಬಂದು ಮೇ ತಿಂಗಳಿಗೆ ಸರಾಸರಿ ಒಂದು ಕಿಲೋ ತೂಗಿದರೆ 700 ಕಿಲೋ. ಒಂದು ಕಿಲೋ ಮೀನು ಬೆಳೆಯಲು ಆರು ಕಿಲೋ ಸಣ್ಣ ಮೀನು ತಿನ್ನಿಸಬೇಕು. ಅಂದರೆ 4,200 ಕಿಲೋ. ಕಿಲೋಗೆ 30 ರೂಪಾಯಿ ಹಿಡಿದರೆ 1,26,000. ಬಲೆ ದುರಸ್ತಿ, ದೋಣಿ, ಐಸು, ಸಾಗಾಟಕ್ಕೆ 20,000. ಪಂಜರಕ್ಕೆ ಹಾಕಿದ ಒಂದೂವರೆ ಲಕ್ಷವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 30,000. ಒಟ್ಟು ಖರ್ಚು 2,11,000.

ಸ್ಥಳದಲ್ಲೇ ಕಿಲೋಗೆ 400 ಸಿಕ್ಕಿದರೆ ಬರುವುದು 2,80,000. ಉಳಿಯುವುದು 69,000.

ಕೇಳಲು ಚೆಂದ. ಆದರೆ ಈ ಲೆಕ್ಕದಲ್ಲಿ ಮನೆಯವರ ಕೂಲಿ ಸೇರಿಲ್ಲ. ಗಂಡ ಹೆಂಡತಿ ಇಬ್ಬರೂ ಒಂಬತ್ತು ತಿಂಗಳು ಬೆಳಿಗ್ಗೆ ಸಂಜೆ ದೋಣಿ ಹತ್ತಿ ಹೋಗಿದ್ದಾರೆ. ಹಂಚಿ ನೋಡಿದರೆ ದಿನಕ್ಕೆ 255 ರೂಪಾಯಿ ಚಿಲ್ಲರೆ. ಬೇರೆ ಕಸುಬಿನ ಜತೆಗೆ ಮಾಡುವವರಿಗೆ ಇದು ಒಳ್ಳೆಯ ಉಪಕಸುಬು, ಅನುಮಾನವಿಲ್ಲ. ಲಕ್ಷಾಧೀಶರಾಗುವ ಮಾತು ಬಸ್ಸಿನೊಳಗಿನ ಮಾತು.

ಇನ್ನು ದರ ಕಿಲೋಗೆ 320ಕ್ಕೆ ಇಳಿಯಿತು ಎನ್ನಿ. ಬರುವುದು 2,24,000. ಉಳಿಯುವುದು 13,000 ಮಾತ್ರ! ವರ್ಷವಿಡೀ ದುಡಿದದ್ದಕ್ಕೆ ಮಕ್ಕಳ ಶಾಲೆ ಫೀಸಿಗೆ ಸಾಕಾದರೆ ಪುಣ್ಯ.

ಡಿಸೆಂಬರ್ ಮರಿಯ ಶಾಪ

ಮೇಲಿನ ಲೆಕ್ಕದಲ್ಲಿ 'ಸೆಪ್ಟೆಂಬರ್' ಎಂಬ ಒಂದು ಪದ ಇತ್ತಲ್ಲ, ಇಡೀ ಕಸುಬಿನ ಕೀಲಿ ಅದೇ.

ಸೀಬಾಸ್ ಮರಿ ಇಲ್ಲಿನ ಹೊಳೆಯಲ್ಲಿ ಬೇಕಾದಷ್ಟು ಸಿಗುವುದಿಲ್ಲ. ಚೆನ್ನೈಯ ಕೇಂದ್ರ ಉಪ್ಪುನೀರು ಜಲಕೃಷಿ ಸಂಸ್ಥೆ 1997ರಲ್ಲಿ ಈ ಮೀನಿನ ಮರಿ ಮಾಡಿಸುವುದರಲ್ಲಿ ಗೆದ್ದಿತು. ತಮಿಳುನಾಡಿನ ಸೀರ್ಕಾಳಿ ಕಡೆ ರಾಜೀವ್ ಗಾಂಧಿ ಜಲಕೃಷಿ ಕೇಂದ್ರದ ಮರಿ ಉತ್ಪಾದನಾ ಘಟಕವಿದೆ. ಪೂರ್ವ ಕರಾವಳಿಯಲ್ಲಿ ಹುಟ್ಟಿದ ಮರಿ ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ರಾತ್ರಿಯಿಡೀ ಪ್ರಯಾಣ ಮಾಡಿ ಪಶ್ಚಿಮ ಕರಾವಳಿಗೆ ಬರಬೇಕು. ಬಂದ ಮರಿ ಬೆರಳಿನ ಒಂದು ಗಿಣ್ಣಿನಷ್ಟು. ಅದನ್ನು ನೇರ ಹೊಳೆಗೆ ಬಿಡುವಂತಿಲ್ಲ. ಸಣ್ಣ ಕಣ್ಣಿನ ಬಲೆಯಲ್ಲೋ ತೊಟ್ಟಿಯಲ್ಲೋ ಒಂದೂವರೆ ಎರಡು ತಿಂಗಳು ಸಾಕಿ ನಾಲ್ಕು ಇಂಚು ಮಾಡಬೇಕು.

ಆರ್ಡರ್ ಕೊಡುವಾಗ ತಡ, ದುಡ್ಡು ಹೊಂದಿಸುವಾಗ ತಡ, ಕಚೇರಿಯ ಕಡತ ಮೇಜಿನಿಂದ ಮೇಜಿಗೆ ಸರಿಯುವಾಗ ತಡ. ಕೊನೆಗೆ ಮರಿ ಹೊಳೆಗಿಳಿಯುವಾಗ ಡಿಸೆಂಬರ್! ಮೇ ತಿಂಗಳ ಕೊನೆಗೆ ಅದು ಅರ್ಧ ಕಿಲೋ ಆದರೆ ಹೆಚ್ಚು.

ಈಗ ಲೆಕ್ಕ ತಿರುಗಿಸಿ. 700 ಮೀನು, ತಲಾ ಅರ್ಧ ಕಿಲೋ, 350 ಕಿಲೋ. ಸಣ್ಣ ಮೀನಿಗೆ ಗಿರಾಕಿ ಮೂಗು ಮುರಿಯುತ್ತಾನೆ. ಕಿಲೋಗೆ 300 ಎನ್ನಿ. ಬರುವುದು 1,05,000. ಮರಿಗೆ 35,000, ಮೇವಿಗೆ 63,000, ಚಿಲ್ಲರೆ ಖರ್ಚು 15,000, ಪಂಜರದ ಪಾಲು 30,000. ಒಟ್ಟು 1,43,000. ನಷ್ಟ 38,000!

ಅದೇ ಹೊಳೆ, ಅದೇ ಪಂಜರ, ಅದೇ ದುಡಿಮೆ. ಮೂರು ತಿಂಗಳ ವ್ಯತ್ಯಾಸಕ್ಕೆ 69,000ದ ಲಾಭ 38,000ದ ನಷ್ಟವಾಯಿತು.

ಮೇ ತಿಂಗಳ ಇಕ್ಕಟ್ಟು

ಡಿಸೆಂಬರಿನಲ್ಲಿ ಮರಿ ಬಿಟ್ಟವನ ಮೇ ತಿಂಗಳ ರಾತ್ರಿಗಳನ್ನು ಊಹಿಸಿಕೊಳ್ಳಿ. ಈಗ ಮಾರಿದರೆ ಕೈಯಿಂದ ಹೋಗುತ್ತದೆ. ಇಟ್ಟುಕೊಂಡರೆ? ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮಲ್ಪೆ, ಗಂಗೊಳ್ಳಿ ಬಂದರುಗಳಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ನಾಡದೋಣಿಯವರು ತರುವ ಮೀನು ಪೇಟೆಗೆ ಸಾಲದು. ಮೀನಿನ ದರ ಗಗನಕ್ಕೇರುವುದು ಆಗಲೇ. ಜೀವಂತ ಮೀನು ಪಂಜರದಲ್ಲಿದ್ದವನಿಗೆ ಅದೇ ಸುಗ್ಗಿ.

ಆದರೆ ದೇವರು ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಸಿಯುವುದೂ ಅದೇ ಎರಡು ತಿಂಗಳಲ್ಲಿ. ಘಟ್ಟದ ಮೇಲೆ ಮಳೆ ಹೊಯ್ದರೆ ಹೊಳೆ ಕೆಂಪಾಗಿ ಬರುತ್ತದೆ. ಮರದ ದಿಮ್ಮಿ, ಬಾಳೆಗಿಡ, ತೆಂಗಿನ ಮಡಲು ಎಲ್ಲ ತೇಲಿ ಬಂದು ಪಂಜರಕ್ಕೆ ಗುದ್ದುತ್ತವೆ. ಕೆಸರು ಮೀನಿನ ಕಿವಿರು ಕಟ್ಟುತ್ತದೆ. ಲಂಗರು ಕಿತ್ತರೆ ಪಂಜರ ಅಳಿವೆ ದಾಟಿ ಕಡಲು ಸೇರುತ್ತದೆ.

ಇದು ಸುಮ್ಮನೆ ಹೆದರಿಸುವ ಮಾತಲ್ಲ. 2019ರ ಆಗಸ್ಟಿನಲ್ಲಿ ಕದ್ರಾ ಅಣೆಕಟ್ಟಿನ ನೀರು ಬಿಟ್ಟಾಗ ಕಾಳಿ ನದಿ ದಂಡೆಯ ಊರುಗಳು ಮುಳುಗಿದ್ದನ್ನು ಕಾರವಾರದ ಜನ ಮರೆತಿಲ್ಲ. 2020ರ ಸೆಪ್ಟೆಂಬರ್ 20ರಂದು ಉಡುಪಿ ಜಿಲ್ಲೆಯಲ್ಲೇ ಒಂದೇ ರಾತ್ರಿಯ ಮಳೆಗೆ ಮನೆಯೊಳಗೆ ನೀರು ನುಗ್ಗಿತು. 2021ರಲ್ಲಿ ತೌಕ್ತೆ ಚಂಡಮಾರುತ ಮೇ ತಿಂಗಳ ನಡುವಿನಲ್ಲೇ ಕರಾವಳಿಯನ್ನು ಅಲುಗಾಡಿಸಿತು. ಅಂದರೆ ಜೂನ್ ತನಕ ಹೊಳೆ ಸುಮ್ಮನಿರುತ್ತದೆ ಎಂಬ ಹಳಬರ ಲೆಕ್ಕವೂ ಈಗ ನಂಬುವಂತಿಲ್ಲ.

ಇನ್ನೊಂದು ತೊಡಕು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಪಂಜರದ ಮೇವು ಎಲ್ಲಿಂದ ಬರುತ್ತದೆ? ಬೋಟಿನವರು ತರುವ ಕಸಮೀನಿನಿಂದ. ಬೋಟು ನಿಂತರೆ ಮೇವೂ ನಿಂತಿತು! ಮೊದಲೇ ಕೊಂಡು ಐಸ್ ಪ್ಲಾಂಟಿನಲ್ಲಿಟ್ಟರೆ ಬಾಡಿಗೆ. ಬೋಟು ಓಡುವ ಕಾಲದಲ್ಲೂ ಅದೇ ಕಸಮೀನಿಗೆ ಮೀನುಹುಡಿ ಕಾರ್ಖಾನೆಯ ಲಾರಿ ಬಂದರಿನಲ್ಲಿ ಕಾದು ನಿಂತಿರುತ್ತದೆ. ನಾಲ್ಕು ಬುಟ್ಟಿ ಕೊಳ್ಳುವ ಪಂಜರದವನು ಲಾರಿಯ ಎದುರು ಎಷ್ಟು ಚೌಕಾಸಿ ಮಾಡಿಯಾನು?

ಗುಳಿಗೆ ಮೇವು ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಕಿಲೋಗೆ 120 ರೂಪಾಯಿ ಎಂದಿಟ್ಟುಕೊಂಡು, ಒಂದು ಕಿಲೋ ಮೀನಿಗೆ 1.8 ಕಿಲೋ ಗುಳಿಗೆ ಹಿಡಿದರೆ 216 ರೂಪಾಯಿ ಆಯಿತು. ಕಸಮೀನಿಗೆ 180. ಕಿಲೋಗೆ 36 ರೂಪಾಯಿ ಹೆಚ್ಚು. ಆದರೆ ಗುಳಿಗೆ ಚೀಲ ಕೆಡುವುದಿಲ್ಲ, ನೀರು ನಾರುವುದಿಲ್ಲ, ಜೂನ್ ಜುಲೈಯಲ್ಲೂ ಸಿಗುತ್ತದೆ. ಅದೂ ಅಲ್ಲದೆ ಕಸಮೀನು ಎಂದು ಬುಟ್ಟಿಗೆ ಬೀಳುವುದರಲ್ಲಿ ನಾಳೆ ದೊಡ್ಡದಾಗಬೇಕಾದ ಮೀನಿನ ಮರಿಗಳೂ ಇರುತ್ತವೆ. ಕಡಲಿನ ಮರಿ ಕೊಂದು ಹೊಳೆಯ ಮೀನು ಸಾಕಿದರೆ ಮೀನುಗಾರನೇ ತನ್ನ ಕಾಲಿಗೆ ಕೊಡಲಿ ಹಾಕಿಕೊಂಡಂತೆ. ದೊಡ್ಡ ಮೀನಾದ ಮೇಲೆ ಗುಳಿಗೆಗೆ ಒಗ್ಗಿಸುವುದು ಕಷ್ಟ. ಮರಿಯಲ್ಲೇ ರೂಢಿ ಮಾಡಬೇಕು. ಅದಕ್ಕೂ ಬೇಕಾದದ್ದು ಹೊತ್ತಿಗೆ ಸರಿಯಾಗಿ, ಪಳಗಿದ ಮರಿ.

ಸಬ್ಸಿಡಿಯ ಚಿತ್ರ, ಹೊಳೆಯ ಹಕ್ಕು

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಪಂಜರಕ್ಕೆ ನೆರವು ಸೇರಿತು. ಜಲಾಶಯದ ಪಂಜರ ಒಂದಕ್ಕೆ 3 ಲಕ್ಷ, ಸಮುದ್ರದ ಪಂಜರ ಒಂದಕ್ಕೆ 5 ಲಕ್ಷ ವೆಚ್ಚವೆಂದು ಲೆಕ್ಕ ಹಿಡಿದರು. ಸಾಮಾನ್ಯ ವರ್ಗಕ್ಕೆ ನೂರಕ್ಕೆ 40, ಹೆಂಗಸರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ನೂರಕ್ಕೆ 60 ಸಬ್ಸಿಡಿ. ಕಿಸಾನ್ ಕ್ರೆಡಿಟ್ ಕಾರ್ಡನ್ನು ಮೀನುಗಾರರಿಗೂ ವಿಸ್ತರಿಸುವುದಾಗಿ 2018-19ರ ಕೇಂದ್ರ ಬಜೆಟ್ಟಿನಲ್ಲೇ ಹೇಳಲಾಗಿತ್ತು.

ಒಳ್ಳೆಯದೇ. ಆದರೆ ಸಬ್ಸಿಡಿ ಸಿಗುವುದು ಒಂದೇ ಸಲ. ಎರಡನೇ ವರ್ಷದ ಮರಿಗೆ, ಮೇವಿಗೆ ದುಡ್ಡು ಎಲ್ಲಿಂದ? ಮೊದಲ ವರ್ಷದ ಲಾಭದಿಂದ ಬರಬೇಕು. ಮೊದಲ ವರ್ಷವೇ ಡಿಸೆಂಬರ್ ಮರಿ ಸಿಕ್ಕಿದವನಿಗೆ ಲಾಭ ಎಲ್ಲಿದೆ? ಪಂಜರ ದಡಕ್ಕೆ ಬರುತ್ತದೆ. ಪೀಪಾಯಿ ಮನೆಯ ನೀರು ತುಂಬಲು, ಬಲೆ ತರಕಾರಿ ಬೇಲಿಗೆ!

ಹೊಳೆ ಯಾರದ್ದು ಎಂಬ ಪ್ರಶ್ನೆಯೂ ಇದೆ. ಗದ್ದೆಗೆ ಪಹಣಿ ಇದೆ, ಅಂಗಡಿಗೆ ಲೈಸೆನ್ಸ್ ಇದೆ. ಪಂಜರ ಇಟ್ಟ ನೀರಿಗೆ ಏನಿದೆ? ಅದೇ ನೀರಲ್ಲಿ ಬಲೆ ಬೀಸುವವರು, ಚಿಪ್ಪು ಹೆಕ್ಕುವವರು, ದೋಣಿ ಸಾಗಿಸುವವರು ತಲೆಮಾರಿನಿಂದ ಇದ್ದಾರೆ. ಅವರಿಗೆ ಅಡ್ಡವಾಗುವಂತೆ ಪಂಜರ ಒತ್ತಿದರೆ ಜಗಳ ಖಂಡಿತ. ಪಂಜರದ ಮೇಲೆ ಪಂಜರ ಪೇರಿಸಿದರೆ ಎಂಜಲು ಮೇವು, ಮೀನಿನ ಹೊಲಸು ತಳದಲ್ಲಿ ಕೂತು ಕೊಳೆತು ಎಲ್ಲರ ಮೀನಿಗೂ ಉಸಿರು ಕಡಿಮೆ. ಹತ್ತು ಮನೆಗೆ ಒಂದೆರಡು ಪಂಜರವಾದರೆ ಹೊಳೆ ತಾಳೀತು. ದುಡ್ಡಿದ್ದವನೊಬ್ಬ ಬೇನಾಮಿ ಹೆಸರಿನಲ್ಲಿ ಐವತ್ತು ಇಟ್ಟರೆ ಹೊಳೆಯೂ ಹೋಯಿತು, ಹತ್ತು ಮನೆಯೂ ಹೋಯಿತು.

ಆಗಬೇಕಾದ್ದೇನು?

ದೊಡ್ಡ ಯೋಜನೆ ಬೇಡ. ನಾಲ್ಕು ಸಣ್ಣ ಕೆಲಸ ಸಾಕು.

ಮೊದಲನೆಯದು, ಮರಿ. ತಾಲೂಕಿಗೊಂದು ಮರಿ ಸಾಕುವ ತೊಟ್ಟಿ ಬೇಕು. ಜುಲೈಯಲ್ಲಿ ಸಣ್ಣ ಮರಿ ತರಿಸಿ, ದಡದ ಮೇಲೆ ಸಾಕಿ, ಗುಳಿಗೆಗೆ ಒಗ್ಗಿಸಿ, ಸೆಪ್ಟೆಂಬರಿನಲ್ಲಿ ನೆರೆ ಇಳಿದ ಕೂಡಲೇ ನಾಲ್ಕು ಇಂಚಿನ ಮರಿ ಕೈಗೆ ಕೊಡಬೇಕು. ಇದನ್ನು ಮೀನು ಮಾರುವ ಹೆಂಗಸರ ಸಂಘಗಳೇ ನಡೆಸಬಹುದು; ಮಳೆಗಾಲದಲ್ಲಿ ಅವರಿಗೂ ಕೆಲಸ ಕಡಿಮೆ. ಸರಕಾರ ಪಂಜರಕ್ಕೆ ಕೊಡುವ ಹಣದಲ್ಲಿ ಒಂದು ಚೂರು ತೊಟ್ಟಿಗೆ ಕೊಟ್ಟರೆ ಸಾಕು.

ಎರಡನೆಯದು, ಮಾರಾಟ. ಮೇ ಕೊನೆ ವಾರದಲ್ಲಿ ಎಲ್ಲರೂ ಒಟ್ಟಿಗೆ ಪಂಜರ ಎತ್ತಿದರೆ ದರ ಕುಸಿಯುವುದು ಖಂಡಿತ. ದಲ್ಲಾಳಿ ಹೇಳಿದ್ದೇ ರೇಟು. ಹಾಲಿನ ಡೇರಿಯಲ್ಲಿ ಒಂದು ಲೀಟರ್ ತಂದವರಿಗೂ ಕ್ಯಾನು ತುಂಬಾ ತಂದವರಿಗೂ ಒಂದೇ ಲೆಕ್ಕ ಇಲ್ಲವೇ? ಹಾಗೆ ಸೊಸೈಟಿ ಮೂಲಕ, ಮಾರ್ಚಿನಿಂದಲೇ ಸರದಿ ಹಾಕಿ, ದೊಡ್ಡದಾದದ್ದನ್ನು ಆರಿಸಿ ವಾರಕ್ಕಿಷ್ಟು ಎಂದು ಎತ್ತಬೇಕು. ಪೇಟೆಯ ಹೋಟೆಲಿನವರು, ಮದುವೆ ಊಟದ ಗುತ್ತಿಗೆಯವರು ಬೇಕಾದಷ್ಟು ಇದ್ದಾರೆ. ಇಂಥ ದಿನ ಇಷ್ಟು ಕಿಲೋ ತಾಜಾ ಮೀನು ಸಿಗುತ್ತದೆ ಎಂಬ ಭರವಸೆ ಕೊಟ್ಟರೆ ಅವರು ನಾಲ್ಕು ಕಾಸು ಹೆಚ್ಚು ಕೊಡಲು ಹಿಂಜರಿಯುವುದಿಲ್ಲ. ಪಂಜರದ ಮೀನು ಕಡಲಿನ ಮೀನಿಗಿಂತ ಮೇಲಾಗುವುದು ಇದೊಂದರಲ್ಲೇ: ಬೇಕಾದ ದಿನ ಎತ್ತಬಹುದು.

ಮೂರನೆಯದು, ಎಚ್ಚರಿಕೆ. ಘಟ್ಟದಲ್ಲಿ ಮಳೆ ಬಿದ್ದಾಗ, ಅಣೆಕಟ್ಟಿನ ಬಾಗಿಲು ತೆರೆಯುವಾಗ ಪಂಜರದವರ ಫೋನಿಗೆ ಮೊದಲೇ ಸುದ್ದಿ ಮುಟ್ಟಬೇಕು. ಆರು ಗಂಟೆ ಮುಂಚೆ ಗೊತ್ತಾದರೆ ಪಂಜರವನ್ನು ಹೊಳೆಯ ತಿರುವಿಗೆ ಎಳೆದುಕೊಂಡು ಹೋಗಿ ಕಟ್ಟಬಹುದು. ವಿಮೆಯೂ ಬೇಕು, ನೆರೆ ಬಂದ ಮೇಲೆ ಪರಿಹಾರಕ್ಕಾಗಿ ತಾಲೂಕು ಕಚೇರಿ ಮೆಟ್ಟಿಲು ಸವೆಸುವ ಬದಲು.

ನಾಲ್ಕನೆಯದು, ನೀರಿನ ಚೀಟಿ. ಯಾವ ಜಾಗದಲ್ಲಿ ಎಷ್ಟು ಪಂಜರ, ಯಾರಿಗೆ, ಎಷ್ಟು ವರ್ಷ ಎಂದು ಪಂಚಾಯತು, ಇಲಾಖೆ, ಮೀನುಗಾರರ ಸಂಘ ಕೂತು ಬರೆದಿಡಬೇಕು. ಚೀಟಿ ಕೈಯಲ್ಲಿದ್ದರೆ ಬ್ಯಾಂಕಿನ ಮ್ಯಾನೇಜರರ ಮುಖವೂ ಸ್ವಲ್ಪ ಅರಳೀತು.

ಈಗ ಆಗುತ್ತಿರುವುದೇನು? ಪಂಜರ ವಿತರಣೆಗೆ ಸಮಾರಂಭ, ಹಾರ, ಫೋಟೋ. ಮರಿ ವಿತರಣೆಗೆ ದಿನಾಂಕವಿಲ್ಲ. ಸಬ್ಸಿಡಿ ಎಷ್ಟು ಜನರಿಗೆ ಕೊಟ್ಟೆವು ಎಂಬ ಲೆಕ್ಕ ಕಡತದಲ್ಲಿದೆ. ಮೂರು ವರ್ಷದ ಬಳಿಕ ಅದರಲ್ಲಿ ಎಷ್ಟು ಪಂಜರ ಇನ್ನೂ ನೀರಿನಲ್ಲಿವೆ ಎಂದು ದೋಣಿ ಹತ್ತಿ ಎಣಿಸಿ, ಆ ಅಂಕಿಯನ್ನೂ ಸಭೆಯಲ್ಲಿ ಓದಲಿ. ಊರಿನ ಜನಕ್ಕೆ ಬೇಕಾದ ಲೆಕ್ಕ ಅದು.

ಹೊಸದಾಗಿ ಪಂಜರ ಇಡಬೇಕೆಂದಿರುವವರಿಗೂ ಒಂದು ಮಾತು. ಮೊದಲು ಒಂದೇ ಪಂಜರ ಇಡಿ. ಹೆಂಡತಿಯ ಬಳೆ ಅಡವಿಟ್ಟು ನಾಲ್ಕು ಇಡಬೇಡಿ. ಪೀಪಾಯಿ ಕೊಳ್ಳುವ ಮೊದಲು ಮರಿಗೆ ಹೇಳಿ. ಸೆಪ್ಟೆಂಬರಿಗೆ ಮರಿ ಕೊಡುತ್ತೇವೆ ಎಂದು ಯಾರೂ ಗಟ್ಟಿಯಾಗಿ ಹೇಳದಿದ್ದರೆ ಆ ವರ್ಷ ದಡದಲ್ಲೇ ಕೂತು ಬಲೆ ಹೆಣೆಯುವುದು ಲೇಸು. ಒಂದು ವರ್ಷ ಕಾದವನು ಬಡವನಾಗುವುದಿಲ್ಲ. ಡಿಸೆಂಬರ್ ಮರಿ ಬಿಟ್ಟು ಜೂನ್ ಮಳೆಗೆ ದೇವರ ಮೇಲೆ ಭಾರ ಹಾಕಿದವನು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಬಸ್ಸಿನ ಕಿಟಕಿಯಿಂದ ಕಾಣುವ ಆ ನೀಲಿ ಪೀಪಾಯಿಗಳು ಬರುವ ವರ್ಷವೂ ಅಲ್ಲೇ ಇರಬೇಕಾದರೆ, ಜುಲೈಯೊಳಗೆ ಮರಿಯ ತೊಟ್ಟಿಗೆ ನೀರು ತುಂಬಬೇಕು. ಸಂಬಂಧಪಟ್ಟವರು ಈಗಲೇ ಕಡತ ಬಿಚ್ಚುವರೇ, ಅಥವಾ ಈ ಸಲವೂ ಡಿಸೆಂಬರ್ ತನಕ ಕಾಯುವರೇ?